ನರ್ಸ್ ಎರಡನೇಯವಳಾಗಿ ಒಳಗೆ ಹೋಗ್ಬೇಕು: ಆಸ್ಟ್ರೇಲಿಯಾದಲ್ಲಿ ಅಬೊರಿಜಿನಲ್ ಮಕ್ಕಳ ಆರೋಗ್ಯದ ಟೀಮ್ ನಡೆಸೋದು ಅಂದ್ರೆ ಏನು?

[ಮುಚ್ಚಿದ ಬಾಗಿಲು. ಕಿಟಕಿ ಕರ್ಟನ್ ಸ್ವಲ್ಪ ಅಲ್ಲಾಡ್ತಿದೆ]

ಒಳಗೆ ಹತ್ತು ದಿನದ ಮಗು ಇದೆ. ನಾನು ಹೊರಗೆ ನಿಂತಿದ್ದೀನಿ, ಒಂದು ಕೈಲಿ ತೂಕದ ಮಷೀನು, ಇನ್ನೊಂದು ಕೈಲಿ ಫೈಲು, ಕುತ್ತಿಗೇಲಿ ಐಡಿ ಕಾರ್ಡು. ಬೆಲ್ ಒತ್ತಿದೆ. ಟೀವಿ ಸೌಂಡ್ ಬರ್ತಿತ್ತು, ಅದು ನಿಂತೋಯ್ತು. ಕರ್ಟನ್ ಇಷ್ಟೇ ಇಷ್ಟು ಸರೀತು, ಮತ್ತೆ ಮುಚ್ಕೊಂತು, ಅಷ್ಟೇ. ನಾನು ವಾಪಸ್ ಬಂದು ಕಂಪ್ಯೂಟರಲ್ಲಿ ಬರೆದಿದ್ದು ಎರಡೇ ಪದ, ‘ಮನೆಯವರು ಸಹಕರಿಸಲಿಲ್ಲ’. ಆ ಎರಡು ಪದ ನೆನೆಸ್ಕೊಂಡ್ರೆ ಈಗ್ಲೂ ಮುಖ ಮುಚ್ಕೊಳ್ಳೋಣ ಅನ್ಸತ್ತೆ.

[ಕ್ಯಾಮೆರಾ ನನ್ನ ಕಡೆ]

ನಮಸ್ಕಾರ. ನಮ್ಮೂರು ಹಾಸನದ ಹತ್ರ, ಕೆಲಸ ಸಿಡ್ನಿ ಕಡೆ, ಚಿಕ್ಕ ಮಕ್ಕಳ ನರ್ಸ್. (ಯಾರ ಗುರುತೂ ಸಿಗಬಾರದು ಅಂತ ವಿವರ ಸ್ವಲ್ಪ ಬದಲಾಯಿಸಿ ಹೇಳ್ತಿದ್ದೀನಿ, ಆಮೇಲೆ ಯಾವ ಏರಿಯಾ ಅಂತ ಕೇಳ್ಬೇಡಿ.) ಇಲ್ಲಿ ನ್ಯೂ ಸೌತ್ ವೇಲ್ಸ್‌ನಲ್ಲಿ ಹೆರಿಗೆ ಆದ ಎರಡು ವಾರದೊಳಗೆ ನರ್ಸ್ ಮನೆಗೇ ಬಂದು ತಾಯಿ ಮಗು ನೋಡ್ಬೇಕು ಅನ್ನೋ ವ್ಯವಸ್ಥೆ ಇದೆ, ಫ್ರೀ. ಮಗೂಗೆ ಒಂದು ನೀಲಿ ಪುಸ್ತಕ ಕೊಡ್ತಾರೆ, ಎಲ್ರೂ ಬ್ಲೂ ಬುಕ್ ಅಂತಾರೆ, ನಮ್ಮ ತಾಯಿ ಕಾರ್ಡ್ ಥರ ಆದ್ರೆ ಮಗೂದು. ಅಬೊರಿಜಿನಲ್, ಅಂದ್ರೆ ಇಲ್ಲಿನ ಮೂಲನಿವಾಸಿ ಕುಟುಂಬಗಳಿಗೆ ಅಂತ ಬೇರೆ ಟೀಮ್‌ಗಳಿವೆ. ಬಸುರಿ ಬಾಣಂತಿಯರಿಗೆ 2001ರಿಂದ ಒಂದು ಸರ್ವೀಸ್ ಇದೆ, ಆಮೇಲೆ ಮಗು ಸ್ಕೂಲ್ ಸೇರೋವರೆಗೂ ನೋಡ್ಕೊಳ್ಳೋಕೆ ‘ಬಿಲ್ಡಿಂಗ್ ಸ್ಟ್ರಾಂಗ್ ಫೌಂಡೇಶನ್ಸ್’. ಇವೆಲ್ಲ ನಡೆಯೋದು ಜೋಡಿ ಮೇಲೆ: ಒಬ್ರು ನರ್ಸ್ ಅಥವಾ ಮಿಡ್‌ವೈಫ್, ಜೊತೆಗೆ ಅದೇ ಸಮುದಾಯದಿಂದ ಬಂದ ಅಬೊರಿಜಿನಲ್ ಹೆಲ್ತ್ ವರ್ಕರ್. ನಾನು ಆವತ್ತು ಒಬ್ಳೇ ಹೋಗಿದ್ದೆ. ಅವರಿಗೆ ರಜೆ ಇತ್ತು, ನಂಗೆ ಎರಡು ವಾರದ ಡೆಡ್‌ಲೈನ್ ಇತ್ತು.

ಸರಿ, ಬಾಗಿಲು ಯಾಕೆ ತೆಗೀಲಿಲ್ಲ?

[ಸ್ಕ್ರೀನ್ ಮೇಲೆ: 1909, 1915, 1969]

1909ರಲ್ಲಿ ಈ ರಾಜ್ಯ ಅಬೊರಿಜಿನಲ್ ಜನರ ‘ರಕ್ಷಣೆ’ಗೆ ಅಂತ ಕಾನೂನು ಮಾಡ್ತು, ಅದನ್ನ ನಡೆಸೋಕೆ ಒಂದು ಸರ್ಕಾರಿ ಬೋರ್ಡ್ ಇತ್ತು. 1915ರ ತಿದ್ದುಪಡಿ ಬಂದ್ಮೇಲೆ ಕೋರ್ಟಲ್ಲಿ ಏನೂ ಸಾಬೀತು ಮಾಡ್ದೇನೇ ಮಕ್ಕಳನ್ನ ಎತ್ಕೊಂಡೋಗೋ ಅಧಿಕಾರ ಬೋರ್ಡ್‌ಗೆ ಸಿಕ್ತು. ಹೆಣ್ಣು ಮಕ್ಕಳನ್ನ ಕೂಟಮುಂಡ್ರಾದ ಹೋಮ್‌ಗೆ, ಗಂಡು ಮಕ್ಕಳನ್ನ ಕಿಂಚೆಲಾಗೆ. 1997ರಲ್ಲಿ ಇಡೀ ದೇಶದ ಲೆಕ್ಕ ಇಟ್ಟು ವರದಿ ಬಂತು, 1910ರಿಂದ 1970ರ ನಡುವೆ ಹತ್ತರಲ್ಲಿ ಒಂದರಿಂದ ಮೂರರಲ್ಲಿ ಒಂದು ಅಬೊರಿಜಿನಲ್ ಮಗೂನ ಹೀಗೆ ಕಿತ್ಕೊಂಡಿದ್ರು ಅಂತ. ಬೋರ್ಡ್ ಮುಚ್ಚಿದ್ದು 1969ರಲ್ಲಿ, ಅಂದ್ರೆ ಅದು ಹಳೇ ಕಥೆ ಅಲ್ಲ, ಆ ಮಕ್ಕಳೇ ಇವತ್ತಿನ ಅಜ್ಜಿಯರು, ನಾನು ಬೆಲ್ ಒತ್ತಿದ ಮನೆ ಒಳಗೂ ಒಬ್ರು ಇದ್ರು. 2008ರ ಫೆಬ್ರವರಿ 13ಕ್ಕೆ ಪ್ರಧಾನಿ ಕೆವಿನ್ ರಡ್ ಪಾರ್ಲಿಮೆಂಟಲ್ಲಿ ಕ್ಷಮೆ ಕೇಳಿದ್ರು, ಆದ್ರೂ ಇವತ್ತಿಗೂ ಬೇರೆ ಮಕ್ಕಳಿಗಿಂತ ಹತ್ತು ಪಟ್ಟಿಗೂ ಹೆಚ್ಚು ಪ್ರಮಾಣದಲ್ಲಿ ಈ ಮಕ್ಕಳು ಹೆತ್ತವರಿಂದ ದೂರ, ಸರ್ಕಾರದ ಆರೈಕೆ ವ್ಯವಸ್ಥೇಲಿ ಇದಾರೆ. ಮಗೂಗೆ ಅಪಾಯ ಇದೆ ಅನ್ಸಿದ್ರೆ ಮಕ್ಕಳ ರಕ್ಷಣೆ ನೋಡೋ ಇಲಾಖೆಗೆ ರಿಪೋರ್ಟ್ ಮಾಡ್ಲೇಬೇಕು ಅಂತ ನನ್ನಂಥ ನರ್ಸ್ ಮೇಲೆ ಕಾನೂನೂ ಇದೆ. ಈಗ ನೀವೇ ಹೇಳಿ, ಫೈಲ್ ಹಿಡ್ಕೊಂಡು, ಸರ್ಕಾರಿ ಕಾರ್ಡ್ ನೇತಾಕ್ಕೊಂಡು ಬಂದೋಳಿಗೆ ಯಾರು ಬಾಗಿಲು ತೆಗೀತಾರೆ?

ಮುಂದಿನ ವಾರ ಹೆಲ್ತ್ ವರ್ಕರ್ ಜೊತೆ ಹೋದೆ. ಕಾರಲ್ಲೇ ಹೇಳಿದ್ರು, ಕಾರ್ಡ್ ಜೇಬಲ್ಲಿಡು, ಮಷೀನು ಡಿಕ್ಕೀಲೇ ಇರ್ಲಿ. ಗೇಟ್ ಹತ್ರಾನೇ ನಿಂತು ಕೂಗಿದ್ರು, ‘ಆಂಟಿ, ಇದೀರಾ?’ (ಬೆಂಗಳೂರಲ್ಲಿ ಆಂಟಿ ಅಂದ್ರೆ ಜಗಳಕ್ಕೆ ಬರೋರಿದಾರೆ, ಇಲ್ಲಿ ಅದು ಹಿರಿಯರಿಗೆ ಸಮುದಾಯ ಕೊಡೋ ಗೌರವ.) ಅಜ್ಜಿ ಬಾಗಿಲಿಗೆ ಬಂದು ಇವರನ್ನ ಕೇಳಿದ ಮೊದಲ ಪ್ರಶ್ನೆ, ನಿಮ್ಮ ಮಾಬ್ ಯಾವುದು? ನಮ್ಮ ಕಡೆ ‘ನೀವು ಯಾರ ಪೈಕಿ’ ಅಂತ ಕೇಳಲ್ವಾ, ಥೇಟ್ ಅದೇ. ಯಾವ ಊರು, ಯಾರ ಮೊಮ್ಮಗಳು, ಅಲ್ಲಿ ಫುಟ್ಬಾಲ್ ಆಡ್ತಿದ್ದ ಅವನು ಏನಾಗ್ಬೇಕು, ಹೀಗೆ ಮುಕ್ಕಾಲು ಗಂಟೆ. ನಾನು ಟೀ ಕುಡಿದೆ, ಸುಮ್ನಿದ್ದೆ, ಒಳಗೊಳಗೇ ಟೈಮ್ ನೋಡ್ತಿದ್ದೆ ಅನ್ನೋದೂ ನಿಜ. ಕೊನೆಗೆ ಅಜ್ಜೀನೇ ಮಗೂನ ತಂದು ನನ್ನ ತೊಡೆ ಮೇಲೆ ಹಾಕಿ, ‘ಇವನು ಸರಿಯಾಗಿ ಹಾಲು ಎಳೀತಿಲ್ಲ, ನೋಡು’ ಅಂದ್ರು. ಆಗ ಡಿಕ್ಕಿಯಿಂದ ಮಷೀನ್ ತಂದೆ. ಈ ಥರ ಮಾತಾಡೋದಕ್ಕೆ ಇಲ್ಲಿ ಯಾರ್ನಿಂಗ್ ಅಂತಾರೆ. ಇದು ಹರಟೆ ಅಲ್ಲ, ನನ್ನ ಪ್ರಕಾರ ತಪಾಸಣೆ ಶುರುವಾಗೋದೇ ಇಲ್ಲಿಂದ.

[ಸ್ಕ್ರೀನ್ ಮೇಲೆ: ಹಾಗಾದ್ರೆ ಲೀಡರ್ ಕೆಲಸ ಏನು?]

ನಮ್ಮ ಟೀಮ್ ಲೀಡ್ ಮಾಡಿದ ಮೊದಲ ಕೆಲಸ, ನಾನು ಬರೆದಿದ್ದ ‘ಸಹಕರಿಸಲಿಲ್ಲ’ ಓದಿ, ಬೈಯದೇ, ‘ಯಾರು, ಅವರಾ ನಾವಾ?’ ಅಂತ ಕೇಳಿದ್ದು. ಆಮೇಲಿಂದ ನಾವು ‘ನಮಗೆ ಒಳಗೆ ಹೋಗೋಕಾಗ್ಲಿಲ್ಲ’ ಅಂತ ಬರೀತೀವಿ. ಇದರ ಹಿಂದೆ ಒಂದು ದೊಡ್ಡ ಐಡಿಯಾ ಇದೆ, ನ್ಯೂಜಿಲೆಂಡಿನ ಮಾವೋರಿ ನರ್ಸ್ ಇರಿಹಪೆಟಿ ರಾಮ್ಸ್‌ಡೆನ್ ಬೆಳೆಸಿದ್ದು, ಕಲ್ಚರಲ್ ಸೇಫ್ಟಿ ಅಂತ. ಆರೈಕೆ ಸುರಕ್ಷಿತವಾಗಿತ್ತಾ ಇಲ್ವಾ ಅಂತ ಹೇಳೋ ಹಕ್ಕು ಆರೈಕೆ ಪಡ್ಕೊಂಡವರದ್ದು, ಕೊಟ್ಟವರದ್ದಲ್ಲ. ಅರ್ಧ ದಿನದ ಟ್ರೈನಿಂಗ್ ಸರ್ಟಿಫಿಕೇಟ್ ತಗೊಂಡು ನಾನು ಸೇಫ್ ಅಂತ ಹೇಳ್ಕೊಳ್ಳೋಕಾಗಲ್ಲ.

ಇನ್ನೊಂದು, ಇದು ಜಾಸ್ತಿ ಜನಕ್ಕೆ ಕಾಣಲ್ಲ. ನಾನು ಐದು ಗಂಟೆಗೆ ಮನೆಗೆ ಹೋದ್ರೆ ನನ್ನ ಡ್ಯೂಟಿ ಮುಗೀತು. ಹೆಲ್ತ್ ವರ್ಕರ್‌ಗೆ ಮುಗಿಯಲ್ಲ, ಶನಿವಾರ ಸೂಪರ್‌ಮಾರ್ಕೆಟ್ಟಲ್ಲಿ ತರಕಾರಿ ಆರಿಸ್ತಿದ್ರೂ ಯಾರೋ ಬಂದು ಮಗು ಕಿವಿ ಸೋರ್ತಿದೆ ಏನ್ಮಾಡ್ಲಿ ಅಂತ ಕೇಳ್ತಾರೆ (ಕಿವಿ ಸೋರೋದು ಇಲ್ಲಿ ಸಣ್ಣ ವಿಷ್ಯ ಅಲ್ಲ, ಕೇಳಿಸದೇ ಇದ್ರೆ ಮಾತು ತಡ, ಮಾತು ತಡ ಆದ್ರೆ ಸ್ಕೂಲಲ್ಲಿ ಹಿಂದೆ), ನಾವು ಕೊಟ್ಟ ಮಾತು ತಪ್ಪಿದ್ರೆ ಅವರಿಗೇ ಬೈಗುಳ. ಮೇಲಿಂದ ಆಫೀಸಲ್ಲಿ ಪೋಸ್ಟರ್ ಬೇಕಾ, ನೇಯ್ಡಾಕ್ ವಾರದ (ಮೂಲನಿವಾಸಿಗಳ ಸಂಸ್ಕೃತಿ ಆಚರಿಸೋ ವಾರ) ಕಾರ್ಯಕ್ರಮ ಬೇಕಾ, ಎಲ್ಲದಕ್ಕೂ ಅವರನ್ನೇ ಕರೆಯೋದು. ಒಳ್ಳೇ ಲೀಡರ್ ಇದನ್ನ ಕೆಲಸ ಅಂತ ಲೆಕ್ಕಕ್ಕೆ ತಗೊಂಡು ಟೈಮ್ ಕೊಡ್ತಾರೆ, ಮೀಟಿಂಗಲ್ಲಿ ‘ಈ ಮನೆಗೆ ಈ ವಾರ ಬೇಡ’ ಅಂತ ಹೆಲ್ತ್ ವರ್ಕರ್ ಹೇಳಿದ್ರೆ ಡಿಗ್ರಿ ಯಾರಿಗೆ ಜಾಸ್ತಿ ಅಂತ ನೋಡಲ್ಲ.

ಸಾವಿನ ವಿಷ್ಯಾನೂ ಅಷ್ಟೇ. ಸಾರಿ ಬಿಸ್ನೆಸ್ ಅಂತಾರೆ, ದುಃಖದ ಕಾಲ, ದಿನಗಟ್ಟಲೆ ನಡೆಯತ್ತೆ. ರಜೆ ಫಾರಂನಲ್ಲಿ ‘ಹತ್ತಿರದ ಸಂಬಂಧಿ’ ಅಂತ ಇರತ್ತೆ, ತೀರಿಕೊಂಡೋರು ಹೆಲ್ತ್ ವರ್ಕರ್ ಅವರ ಅಮ್ಮನ ಅಕ್ಕ, ಆಫೀಸಿನ ಲೆಕ್ಕದಲ್ಲಿ ದೂರದ ಸಂಬಂಧ, ಆದ್ರೆ ಎಷ್ಟೋ ಅಬೊರಿಜಿನಲ್ ಸಮುದಾಯಗಳಲ್ಲಿ ಅಮ್ಮನ ಅಕ್ಕತಂಗೀರೂ ಅಮ್ಮಾನೇ. ಟೀಮಲ್ಲಿ ಬೇರೆಯವರಿಗೆ ಇದು ವಿವರಿಸ್ಬೇಕಾಯ್ತು, ನಂಗೆ ಬೇಕಾಗ್ಲಿಲ್ಲ, ದೊಡ್ಡಮ್ಮ ಚಿಕ್ಕಮ್ಮ ಅನ್ನೋ ಪದದೊಳಗೇ ಅಮ್ಮ ಕೂತಿದಾಳಲ್ಲ. ಹಾಗಂತ ‘ನಮ್ದೂ ನಿಮ್ದೂ ಒಂದೇ’ ಅಂತ ಅವರ ಮುಂದೆ ಹೇಳೋಕೆ ಹೋಗ್ಬೇಡಿ, ನಾನು ಒಂದ್ಸಲ ಹೇಳಿ ‘ನಿಮ್ಮ ಅಜ್ಜೀನ ಯಾರಾದ್ರೂ ಎತ್ಕೊಂಡೋಗಿದ್ರಾ?’ ಅಂತ ಕೇಳಿಸ್ಕೊಂಡಿದ್ದೀನಿ.

ಕಷ್ಟದ ಜಾಗ ಅಂದ್ರೆ ಆ ರಿಪೋರ್ಟೇ. ಕಾನೂನು ಇದೆ, ತಪ್ಪಿಸ್ಕೊಳ್ಳೋಕಾಗಲ್ಲ. ನಮ್ಮ ಟೀಮಲ್ಲಿ, ಹೇಳೋದ್ರಿಂದಲೇ ಮಗೂಗೆ ಅಪಾಯ ಜಾಸ್ತಿ ಆಗತ್ತೆ ಅನ್ನೋ ಸಂದರ್ಭ ಬಿಟ್ರೆ, ಫೋನ್ ಮಾಡೋ ಮೊದಲು ತಾಯಿಗೇ ಎದುರು ಕೂತು ಹೇಳ್ತೀವಿ, ಏನು ಬರೀತೀವಿ, ಯಾಕೆ, ಮುಂದೆ ಯಾರು ಬರ್ತಾರೆ ಅಂತ. ಒಬ್ಬ ತಾಯಿ ನಮ್ಮನ್ನ ಆಚೆಗೆ ಹಾಕಿದ್ರು. ಎರಡು ತಿಂಗಳಾದ್ಮೇಲೆ ಅವರೇ ಹೆಲ್ತ್ ವರ್ಕರ್‌ಗೆ ಮೆಸೇಜ್ ಮಾಡಿದ್ರು, ಮಗೂಗೆ ಇಂಜೆಕ್ಷನ್ ಯಾವತ್ತು ಅಂತ. ನಂಗಲ್ಲ, ಅವರಿಗೆ.

ಕಾಮೆಂಟಲ್ಲಿ ತುಂಬಾ ನರ್ಸಿಂಗ್ ಓದ್ತಿರೋರು ಇಲ್ಲಿಗೆ ಬರೋದು ಹೇಗೆ ಅಂತ ಕೇಳ್ತೀರ. ರಿಜಿಸ್ಟ್ರೇಷನ್ ಬಗ್ಗೆ ಇನ್ನೊಂದು ವಿಡಿಯೋ ಮಾಡ್ತೀನಿ. ಇಂಥ ಟೀಮಿಗೆ ಅಪ್ಲೈ ಮಾಡೋರಿದ್ರೆ ಇಷ್ಟು ತಿಳ್ಕೊಳ್ಳಿ: ಅಬೊರಿಜಿನಲ್ ಜನರಿಗೇ ಮೀಸಲಾದ ಹುದ್ದೆ ಇರತ್ತೆ, ಅದು ನಮಗಲ್ಲ. ನರ್ಸ್ ಹುದ್ದೆ ಇಂಟರ್‌ವ್ಯೂನಲ್ಲೂ ಪ್ಯಾನೆಲ್ಲಲ್ಲಿ ಸಮುದಾಯದವರು ಇರ್ತಾರೆ, ನನ್ನ ಇಂಟರ್‌ವ್ಯೂನಲ್ಲಿ ಒಬ್ರು ಕೇಳಿದ್ರು, ‘ಬಾಗಿಲು ತೆಗೀಲಿಲ್ಲ ಅಂದ್ರೆ ಏನ್ಮಾಡ್ತೀಯಾ?’ ನಾನು ‘ಮತ್ತೆ ಬೆಲ್ ಒತ್ತೀನಿ’ ಅಂದಿದ್ದೆ. ಕೆಲಸ ಯಾಕೆ ಕೊಟ್ರೋ ಇನ್ನೂ ಕೇಳಿಲ್ಲ.