ಕುಕ್ಕರ್‌ಗೆ ಹಾಕೋ ಮುಂಚೆ ಒಂದು ಹಿಡಿ: ಮಿಜೋರಾಂನ ಅಕ್ಕಿ ಡಬ್ಬಿ ಕಥೆ

[ಮೊದಲ ಶಾಟ್: ಅಡುಗೆಮನೆ ಕಟ್ಟೆ. ಲೋಟದಲ್ಲಿ ಅಕ್ಕಿ, ಪಕ್ಕದಲ್ಲಿ ಮುಚ್ಚಳ ಇರೋ ಒಂದು ಹಳೇ ಪ್ಲಾಸ್ಟಿಕ್ ಡಬ್ಬಿ.]

ಎಲ್ಲರಿಗೂ ನಮಸ್ಕಾರ. ಇವತ್ತಿನ ವಿಡಿಯೋ ಹುಟ್ಟಿದ್ದು ನಮ್ಮ ಬಿಲ್ಡಿಂಗ್‌ನ ಮೂರನೇ ಮಹಡಿಯಲ್ಲಿ. ಅಲ್ಲಿ ಮಿಜೋರಾಂ ಹುಡುಗಿ ಒಬ್ಬಳಿದಾಳೆ, ನರ್ಸ್, ಬೆಂಗಳೂರಿಗೆ ಬಂದು ನಾಲ್ಕು ವರ್ಷ ಆಯ್ತು, ಪೇಷೆಂಟುಗಳ ಜೊತೆ ಮಾತಾಡಿ ಮಾತಾಡಿ ಕನ್ನಡ ಚೆನ್ನಾಗಿ ಕಲ್ತಿದಾಳೆ. ಒಂದಿನ ಸಂಜೆ ಅವಳ ಅಡುಗೆಮನೆಯಲ್ಲಿ ನಿಂತು ಮಾತಾಡ್ತಾ ಇದ್ದೆ, ಅವಳು ಲೋಟದಲ್ಲಿ ಅಕ್ಕಿ ಅಳೆದು ಪಾತ್ರೆಗೆ ಹಾಕಿದ್ಲು, ತೊಳೆಯೋ ಮುಂಚೆ ಅದರಿಂದಲೇ ಒಂದು ಹಿಡಿ ತೆಗೆದು ಪಕ್ಕದ ಡಬ್ಬಿಗೆ ಹಾಕಿ ಮುಚ್ಚಳ ಮುಚ್ಚಿದ್ಲು. ಮಾತು ನಿಲ್ಲಿಸಲಿಲ್ಲ, ಕೈ ತಾನೇ ಹೋಯ್ತು. ನಾನು ಅಂದ್ಕೊಂಡೆ, ಅಕ್ಕಿ ಜಾಸ್ತಿ ಆಯ್ತೇನೋ, ವಾಪಸ್ ಹಾಕಿದ್ಲು ಅಂತ. ಕೇಳಿದೆ. "ಇಲ್ಲ ಅಕ್ಕಾ, ಅದು ನಮ್ಮದಲ್ಲ" ಅಂದ್ಲು.

ಅದು ನಮ್ಮದಲ್ಲ. ಅಂಗಡಿಯಿಂದ ದುಡ್ಡು ಕೊಟ್ಟು ತಂದ ಅಕ್ಕಿ, ಅವಳೇ ನೈಟ್ ಡ್ಯೂಟಿ ಮಾಡಿ ದುಡಿದ ದುಡ್ಡು, ಮತ್ತೆ ಅದು ನಮ್ಮದಲ್ಲ ಅಂದ್ರೆ ಏನು? ಎರಡು ವಾರ ಇದೇ ತಲೆಯಲ್ಲಿ ಓಡ್ತಾ ಇತ್ತು.

ಬೇಸಿಕ್ಸ್ ಬೇಗ ಮುಗಿಸ್ತೀನಿ. ಕ್ರೈಸ್ತ ನಂಬಿಕೆಯಲ್ಲಿ ಆಸ್ತಿ, ದುಡ್ಡು, ಪ್ರತಿಭೆ, ಸಮಯ ಎಲ್ಲದರ ಒಡೆಯ ದೇವರು, ಮನುಷ್ಯ ಅದನ್ನ ನೋಡ್ಕೊಳ್ಳೋನು ಅಷ್ಟೇ. ಈ ನೋಡ್ಕೊಳ್ಳೋನಿಗೆ ಕನ್ನಡ ಬೈಬಲ್‌ನಲ್ಲಿ ಎಷ್ಟು ಚಂದದ ಪದ ಇದೆ ನೋಡಿ, ಮನೆವಾರ್ತೆಯವನು. ಮನೆವಾರ್ತೆ ಅಂದ್ರೆ ಮನೆಯ ವ್ಯವಹಾರ, ಏನು ಬಂತು ಏನು ಹೋಯ್ತು ಅನ್ನೋದು. ಮೂಲ ಗ್ರೀಕ್‌ನಲ್ಲಿ ಅದು ಒಇಕೊನೊಮೊಸ್, ಒಇಕೊಸ್ ಅಂದ್ರೆ ಮನೆ, ಎಕನಾಮಿಕ್ಸ್ ಅನ್ನೋ ಪದ ಬಂದಿರೋದೂ ಅದೇ ಬೇರಿಂದ. ಅಂದ್ರೆ ಎಕನಾಮಿಕ್ಸ್ ಅನ್ನೋದು ಷೇರು ಮಾರ್ಕೆಟ್‌ಗಿಂತ ಎಷ್ಟೋ ಮುಂಚೆ ಉಗ್ರಾಣದ ಬೀಗದ ಕೈ ಇಟ್ಕೊಂಡವನ ಕೆಲಸ. ಬೀಗದ ಕೈ ಅವನ ಸೊಂಟದಲ್ಲಿದೆ, ಉಗ್ರಾಣ ಅವನದ್ದಲ್ಲ.

ಈಗ ಮಿಜೋರಾಂಗೆ ಹೋಗೋಣ.

[ಮ್ಯಾಪ್: ಮಿಜೋರಾಂ, ಐಜ್ವಾಲ್.]

2011ರ ಜನಗಣತಿ ಪ್ರಕಾರ ಅಲ್ಲಿ 87 ಪರ್ಸೆಂಟ್ ಕ್ರೈಸ್ತರು. ಅಲ್ಲಿ ನೆಲೆ ನಿಂತ ಮೊದಲ ಇಬ್ಬರು ಮಿಷನರಿಗಳು ಲೊರೇನ್ ಮತ್ತು ಸ್ಯಾವಿಜ್, ಅಲ್ಲಿಗೆ ತಲುಪಿದ್ದು 1894ರಲ್ಲಿ, ಮಿಜೋ ಭಾಷೆಗೆ ರೋಮನ್ ಲಿಪಿ ಕೂಡಿಸಿಕೊಟ್ಟವರು ಇವರೇ. ಇವರನ್ನ ಕಳಿಸಿದ ದುಡ್ಡು ಯಾರದ್ದು ಅಂತ ಹುಡುಕ್ತಾ ಹೋದ್ರೆ ಇಂಗ್ಲೆಂಡಿನ ಲೀಡ್ಸ್ ಊರಿನ ರಾಬರ್ಟ್ ಆರ್ಥಿಂಗ್ಟನ್ ಸಿಗ್ತಾನೆ. ದೊಡ್ಡ ಶ್ರೀಮಂತ, ದೊಡ್ಡ ಮನೆ, ಆದ್ರೆ ಬದುಕಿದ್ದು ಆ ಮನೆಯ ಒಂದೇ ಒಂದು ರೂಮಿನಲ್ಲಿ, ಬಹಳ ಕಡಿಮೆ ಖರ್ಚಲ್ಲಿ. ಊರವರು ಜಿಪುಣ ಅಂತಲೇ ಕರೀತಿದ್ರು. 1900ರಲ್ಲಿ ತೀರಿಕೊಂಡಾಗ ಅವನ ಆಸ್ತಿ ಸುಮಾರು 10 ಲಕ್ಷ ಪೌಂಡ್, ಅದರಲ್ಲಿ ಹೆಚ್ಚಿನ ಪಾಲು ಮಿಷನ್ ಕೆಲಸಕ್ಕೆ ಬರೆದಿಟ್ಟಿದ್ದ. ಊರವರು ಜಿಪುಣ ಅಂದಿದ್ದು ತನಗೆ ಖರ್ಚು ಮಾಡ್ಕೊಳ್ಳದ ಒಬ್ಬ ಮನುಷ್ಯನನ್ನ. ನನಗೆ ಈ ಆರ್ಥಿಂಗ್ಟನ್ ಬಗ್ಗೆ ತುಂಬಾ ಗೌರವ ಇದೆ.

ಆದ್ರೆ ಮಿಜೋ ಸಭೆ, ಅಂದ್ರೆ ಅಲ್ಲಿನ ಚರ್ಚಿನ ಸಮುದಾಯ, ಅವನ ದುಡ್ಡಲ್ಲಿ ನಿಲ್ಲಲಿಲ್ಲ, ಅದೇ ಇಲ್ಲಿ ವಿಷಯ. ಸುಮಾರು 1910ರ ಹೊತ್ತಿಗೆ ಈಗಿನ ರಾಜಧಾನಿ ಐಜ್ವಾಲ್‌ನ ಹೆಂಗಸರು ಒಂದು ಪದ್ಧತಿ ಹಿಡಿದ್ರು, ಅದರ ಹೆಸರು ಬುಹ್‌ಫಾಯ್ ಥಾಮ್. ಬುಹ್‌ಫಾಯ್ ಅಂದ್ರೆ ಕುಟ್ಟಿ ಹಸನು ಮಾಡಿದ ಅಕ್ಕಿ, ಥಾಮ್ ಅಂದ್ರೆ ಹಿಡಿ. ಕೊಡಬೇಕು ಅಂತ ಆಸೆ, ಕೈಯಲ್ಲಿ ನಗದು ಇಲ್ಲ, ಬೆಟ್ಟದ ಮೇಲಿನ ಹಳ್ಳಿ, ಕಾಡು ಕಡಿದು ಸುಟ್ಟು ಬೆಳೆಯೋ ಜೂಮ್ ಬೇಸಾಯ, ಹೆಣ್ಣುಮಕ್ಕಳ ಹತ್ರ ಇರೋದೇ ಅಡುಗೆಮನೆ. ಸರಿ, ಅಡುಗೆಮನೆಯಿಂದಲೇ ಕೊಡೋಣ ಅಂದ್ರು. ಪ್ರತಿ ಸಲ ಅನ್ನಕ್ಕೆ ಇಡುವಾಗ ಒಂದು ಹಿಡಿ ಬೇರೆ. ವಾರಕ್ಕೊಮ್ಮೆ ಸಭೆಯ ಹೆಂಗಸರು ಮನೆಮನೆಗೆ ಹೋಗಿ ಕೂಡಿಸ್ತಾರೆ, ಆಮೇಲೆ ಅದನ್ನ ಮಾರ್ತಾರೆ, ಆ ದುಡ್ಡು ಸಭೆಯ ಕೆಲಸಕ್ಕೆ.

ಇದನ್ನ ನಾನೂ ಮಾಡಿ ನೋಡಿದೆ. [ತೂಕದ ಮೆಷಿನ್ ಮೇಲೆ ಕೈ.] ಸೋನಾ ಮಸೂರಿ, ನನ್ನ ಕೈ, ಹಿಡಿ ತುಂಬ ತೆಗೆದ್ರೆ 45 ಗ್ರಾಂ. ಮಿಜೋ ಮನೆಯಲ್ಲಿ ದಿನಕ್ಕೆ ಎರಡು ಹೊತ್ತು ಅನ್ನ, ಅಂದ್ರೆ 90 ಗ್ರಾಂ. ವರ್ಷಕ್ಕೆ ಹತ್ತಿರ ಹತ್ತಿರ 33 ಕೆಜಿ. ಅಂದ್ರೆ ಒಂದು ದೊಡ್ಡ ಮೂಟೆ ಮತ್ತೆ ಸ್ವಲ್ಪ. 200 ಮನೆ ಇರೋ ಒಂದು ಊರಿಂದ ಆರೂವರೆ ಟನ್, ಒಂದು ಲಾರಿ ಅಕ್ಕಿ! ಕೆಜಿಗೆ 50 ರೂಪಾಯಿ ಅಂತ ಇಟ್ಕೊಂಡ್ರೂ ಮೂರು ಲಕ್ಷದ ಮೇಲೆ. ಮತ್ತೆ ಆ ಮನೆಯಲ್ಲಿ ಯಾರ ಹೊಟ್ಟೆಗೂ ಕಡಿಮೆ ಆಗಿಲ್ಲ, ಯಾಕಂದ್ರೆ ಎರಡು ತುತ್ತು ಕಡಿಮೆ ಬಿದ್ದಿದ್ದು ಯಾರಿಗೂ ಗೊತ್ತಾಗಲ್ಲ.

ಇವತ್ತು ಮಿಜೋರಾಂ ಪ್ರೆಸ್ಬಿಟೇರಿಯನ್ ಸಭೆಯಲ್ಲಿ ಈ ಹಿಡಿ ಅಕ್ಕಿಯ ಲೆಕ್ಕ ವರ್ಷಕ್ಕೆ ಕೋಟಿಗಳಲ್ಲಿ. ದಕ್ಷಿಣ ಮಿಜೋರಾಂನ ಬ್ಯಾಪ್ಟಿಸ್ಟ್ ಸಭೆಯಲ್ಲೂ ಇದೆ. ಆಮೇಲೆ ಒಂದು ವಿಷಯ ನೆನಪಲ್ಲಿಟ್ಕೊಳ್ಳಿ, ಇದು ಶುರುವಾಗಿ ವರ್ಷ ಎರಡು ವರ್ಷದಲ್ಲಿ, 1911-12ರಲ್ಲಿ, ಅಲ್ಲಿ ಮೌತಾಮ್ ಬಂತು. ಮೌತಾಮ್ ಅಂದ್ರೆ ಬಿದಿರು ಹೂ ಬಿಡೋ ಬರಗಾಲ, ಸುಮಾರು 48 ವರ್ಷಕ್ಕೊಮ್ಮೆ ಕಾಡಿನಲ್ಲಿ ಒಂದು ಜಾತಿಯ ಬಿದಿರೆಲ್ಲ ಒಟ್ಟಿಗೆ ಹೂ ಬಿಟ್ಟು ಕಾಯಿ ಬಿಡುತ್ತೆ, ಅದನ್ನ ತಿಂದು ಇಲಿಗಳು ಸಿಕ್ಕಾಪಟ್ಟೆ ಹೆಚ್ತವೆ, ಆಮೇಲೆ ಗದ್ದೆಗೆ ನುಗ್ಗುತ್ತವೆ. 1959ರಲ್ಲಿ ಮತ್ತೆ ಬಂತು, ಅದರ ಬೆನ್ನಿಗೇ ಸರ್ಕಾರದ ವಿರುದ್ಧ 1966ರ ಮಿಜೋ ದಂಗೆ, ಐಜ್ವಾಲ್ ಮೇಲೆ ವಿಮಾನದಿಂದ ಬಾಂಬ್. 1960ರ ದಶಕ ಮುಗಿಯೋ ಹೊತ್ತಿಗೆ ವಿದೇಶಿ ಮಿಷನರಿಗಳೂ ಹೊರಟುಹೋದ್ರು. ಆ ಪದ್ಧತಿ ಇಷ್ಟೆಲ್ಲ ದಾಟಿ ಬಂದಿದೆ. ಹೊಟ್ಟೆ ತುಂಬಿದ ಕಾಲದಲ್ಲಿ ಕೊಡೋ ಅಭ್ಯಾಸ ಆಗಿದ್ರೆ 1911ರಲ್ಲೇ ನಿಂತುಹೋಗ್ತಿತ್ತು ಅಂತ ನನ್ನ ನಂಬಿಕೆ.

ಸರಿ, ಈಗ ನಂಗೆ ಇಡೀ ವಿಡಿಯೋದಲ್ಲೇ ಇಷ್ಟದ ಭಾಗ. ಸ್ವಲ್ಪ ಹೊತ್ತು ಇಲ್ಲೇ ಕೂರ್ತೀನಿ, ದಯವಿಟ್ಟು ಸ್ಕಿಪ್ ಮಾಡಬೇಡಿ.

ಇದು ಮಿಜೋರಾಂನಲ್ಲಿ ಮಾತ್ರ ಇರೋದು ಅಂದ್ಕೊಂಡಿದ್ದೆ. ಇಲ್ಲ. ನಮ್ಮ ಪಕ್ಕದ ಕೇರಳದಲ್ಲಿ 19ನೇ ಶತಮಾನದಲ್ಲೇ ಇತ್ತು. ಕುರಿಯಾಕೋಸ್ ಏಲಿಯಾಸ್ ಚಾವರ ಅಂತ ಸಿರಿಯನ್ ಕ್ಯಾಥೊಲಿಕ್ ಪಾದ್ರಿ, 1805ರಲ್ಲಿ ಹುಟ್ಟಿ 1871ರಲ್ಲಿ ತೀರಿಕೊಂಡವರು, 2014ರಲ್ಲಿ ಪೋಪ್ ಅವರನ್ನ ಸಂತ ಅಂತ ಘೋಷಿಸಿದ್ರು. ಪ್ರತಿ ಚರ್ಚಿನ ಪಕ್ಕ ಒಂದು ಶಾಲೆ ಇರಬೇಕು ಅಂತ ಹಠ ಹಿಡಿದ ಮನುಷ್ಯ. ಶಾಲೆ ಆಯ್ತು, ಬಡವರ ಮಕ್ಕಳು ಬರಬೇಕಲ್ಲ? ಹಸಿದ ಮಗು ಅಕ್ಷರ ಕಲಿಯೋಕೆ ಕೂರಲ್ಲ. ಮಧ್ಯಾಹ್ನದ ಊಟ ಹಾಕಬೇಕು, ಅಕ್ಕಿ ಎಲ್ಲಿಂದ? ಪ್ರತಿ ಮನೆಯಲ್ಲೂ ಅಡುಗೆಗೆ ಮುಂಚೆ ಒಂದು ಹಿಡಿ ತೆಗೆದಿಡಿ ಅಂದ್ರು. ಅದರ ಹೆಸರು ಪಿಡಿಯರಿ.

ಪಿಡಿ, ಅರಿ. ಈಗ ಕನ್ನಡದವರು ಕಿವಿ ನಿಮಿರಿಸಿ. ಹಳಗನ್ನಡದ ಪ ಹೊಸಗನ್ನಡದಲ್ಲಿ ಹ ಆಗೋದು ಹೈಸ್ಕೂಲಲ್ಲಿ ಓದಿದೀವಿ, ಪಾಲ್ ಹೋಗಿ ಹಾಲು, ಪುಲಿ ಹೋಗಿ ಹುಲಿ. ಹಾಗೇನೇ ಪಿಡಿ ಹೋಗಿ ಹಿಡಿ! ಮಲಯಾಳದವರ ಪಿಡಿ ನಮ್ಮ ಹಿಡಿನೇ. ಇನ್ನು ಅರಿ? ನಾನು ಉಡುಪಿ ಕಡೆಯವಳು, ಮನೆಯಲ್ಲಿ ತುಳುವೂ ನಡೀತಿತ್ತು, ತುಳುವಲ್ಲಿ ಅಕ್ಕಿಗೆ ಅರಿ ಅಂತಾನೇ ಹೇಳೋದು. ಪಿಡಿಯರಿ ಅನ್ನೋ ಪದ ಮೊದಲ ಸಲ ಓದಿದಾಗ ಅರ್ಥ ಹುಡುಕಬೇಕಾಗೇ ಬರಲಿಲ್ಲ ನಂಗೆ, ನಮ್ಮ ಅಜ್ಜಿ ಕೈ ಕಣ್ಮುಂದೆ ಬಂತು. ಅಜ್ಜಿ ಭತ್ತದ ಕಾಲದವರು, ಅಕ್ಕಿ ಮುಡಿಯಿಂದ (ಹುಲ್ಲಲ್ಲಿ ಕಟ್ಟಿದ ಮೂಟೆ) ಸೇರಿನಲ್ಲಿ ಅಳೆದು ತೆಗೆದ ಮೇಲೆ ಕೈಗೆ ಅಂಟಿದ ನಾಲ್ಕು ಕಾಳನ್ನೂ ಒರೆಸಿ ವಾಪಸ್ ಹಾಕ್ತಿದ್ರು. ಅಷ್ಟು ಬಿಗಿ. ಅದೇ ಅಜ್ಜಿ ಬೆಳೆ ಹಬ್ಬ ಬಂತು ಅಂದ್ರೆ ಬೇರೆಯೇ ಆಗಿಬಿಡೋರು.

ಬೆಳೆ ಹಬ್ಬ ಗೊತ್ತಿಲ್ಲದೋರಿಗೆ: ಮಂಗಳೂರು ಉಡುಪಿ ಕಡೆ, ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್‌ನಿಂದ ಬಂದ ಸಿಎಸ್‌ಐ, ಅಂದ್ರೆ ಚರ್ಚ್ ಆಫ್ ಸೌತ್ ಇಂಡಿಯಾ ಸಭೆಗಳಲ್ಲಿ (ಬಾಸೆಲ್‌ನವರು ಮಂಗಳೂರಿಗೆ ಬಂದಿದ್ದು 1834ರಲ್ಲಿ) ವರ್ಷಕ್ಕೊಮ್ಮೆ ಹೊಲ ಹಿತ್ತಲಿನ ಮೊದಲ ಫಲ ತಂದು ಒಪ್ಪಿಸೋ ಹಬ್ಬ. ಬಾಳೆಗೊನೆ, ಬಸಳೆ ಕಟ್ಟು, ತೆಂಗಿನಕಾಯಿ, ಊರ ಕೋಳಿ ಕಾಲು ಕಟ್ಟಿಸ್ಕೊಂಡು ಬೆಂಚಿನ ಕೆಳಗೆ ಕೂತಿರುತ್ತೆ. ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಏಲಂ. ಏಲಂ ಅಂದ್ರೆ ಹರಾಜು, ಆದ್ರೆ ಇಲ್ಲಿ ಯಾರಿಗೂ ಕಡಿಮೆಗೆ ತಗೊಳ್ಳೋ ಮನಸ್ಸಿಲ್ಲ. ನಾನು ಏಳನೇ ಕ್ಲಾಸಲ್ಲಿದ್ದಾಗ ಒಂಟಿ ಮುದುಕಿ ಒಬ್ಬರು ಸೆರಗಿನಲ್ಲಿ ನಾಲ್ಕು ಮೊಟ್ಟೆ ಕಟ್ಕೊಂಡು ಬಂದಿದ್ರು. ಏಲಂ ಕೂಗೋರು ಎತ್ತಿ ತೋರಿಸಿದ್ರು, ಒಬ್ಬರು ಕೂಗಿ ತಗೊಂಡ್ರು, ದುಡ್ಡು ಕೊಟ್ಟು, ಮೊಟ್ಟೆ ವಾಪಸ್ ಮೇಜಿನ ಮೇಲಿಟ್ಟು ಇದನ್ನ ಮತ್ತೆ ಕೂಗಿ ಅಂದ್ರು. ಇನ್ನೊಬ್ಬರು ತಗೊಂಡ್ರು, ಅವರೂ ಇಟ್ರು. ಐದು ಸಲ. ಆ ನಾಲ್ಕು ಮೊಟ್ಟೆಗೆ ಕೊನೆಗೆ ಬಂದ ದುಡ್ಡು ದೊಡ್ಡ ಬಾಳೆಗೊನೆಗಿಂತ ಜಾಸ್ತಿ. ಮುದುಕಿ ಕಂಬಕ್ಕೆ ಒರಗಿ ನಿಂತಿದ್ರು, ಪ್ರತಿ ಸಲ ಕೂಗಿದಾಗ ಸೆರಗಿನಿಂದ ಬಾಯಿ ಮುಚ್ಕೊಳ್ಳೋರು, ನಗು ತಡೆಯೋಕಾಗ್ದೆ. ಯಾರ ದಾನ ಯಾವುದು ಅಂತ ಆಮೇಲೆ ಬಿಡಿಸೋಕೇ ಆಗಲ್ಲ ಅಲ್ಲಿ, ಅವರ ಮೊಟ್ಟೆ, ಐದು ಜನರ ದುಡ್ಡು.

ಟೈಮ್ ಆಗ್ತಾ ಬಂತು, ಉಳಿದಿದ್ದನ್ನ ಒಟ್ಟಿಗೇ ಹೇಳಿಬಿಡ್ತೀನಿ.

ತುಂಬಾ ಜನ ಕೇಳೋದು ದಶಮಾಂಶದ ಬಗ್ಗೆ, ಹತ್ತರಲ್ಲಿ ಒಂದು ಕಡ್ಡಾಯನಾ ಅಂತ. ಬೈಬಲ್‌ನ ಮೊದಲ ಭಾಗ ಹಳೇ ಒಡಂಬಡಿಕೆಯಲ್ಲಿ ಇದೆ, ಅದರ ಮಲಾಕಿಯ ಪುಸ್ತಕದ 3ನೇ ಅಧ್ಯಾಯದಲ್ಲಿ ಖಡಾಖಂಡಿತವಾಗಿ ಇದೆ. ಎರಡನೇ ಭಾಗ ಹೊಸ ಒಡಂಬಡಿಕೆಯಲ್ಲಿ ಪೌಲ, ಮೊದಲ ಸಭೆಗಳಿಗೆ ಪತ್ರ ಬರೆದ ಅಪೊಸ್ತಲ, ಪರ್ಸೆಂಟೇಜ್ ಹೇಳೋದಿಲ್ಲ, ದುಃಖದಿಂದ ಬೇಡ, ಬಲವಂತಕ್ಕೆ ಬೇಡ, ಮನಸ್ಸಲ್ಲಿ ನಿಶ್ಚಯಿಸಿದ ಹಾಗೆ ಕೊಡಿ ಅಂತಾನೆ. ಜಾನ್ ವೆಸ್ಲಿ ಇನ್ನೊಂದು ದಾರಿ ತೋರಿಸಿದ್ರು, 18ನೇ ಶತಮಾನದ ಮೆಥೊಡಿಸ್ಟ್ ನಾಯಕ. ಆಕ್ಸ್‌ಫರ್ಡ್‌ನ ಒಬ್ಬ ಯುವಕನ ಲೆಕ್ಕ ಒಂದು ಪ್ರಸಂಗದಲ್ಲಿ, ಅಂದ್ರೆ ಚರ್ಚಿನ ಉಪದೇಶದಲ್ಲಿ, ಹೇಳ್ತಾರೆ, ಅದು ಅವರದ್ದೇ ಕಥೆ ಅಂತಾರೆ. 30 ಪೌಂಡ್ ಬಂದ ವರ್ಷ 28ರಲ್ಲಿ ಬದುಕಿ 2 ಕೊಟ್ಟ, 60 ಬಂದಾಗಲೂ 28ರಲ್ಲೇ ಬದುಕಿ 32 ಕೊಟ್ಟ, 120 ಬಂದಾಗ 92 ಕೊಟ್ಟ. ಇಎಂಐ ಏರಿಸ್ಕೊಳ್ಳಲಿಲ್ಲ ಅಂತ ನಮ್ಮ ಭಾಷೆಯಲ್ಲಿ. ಇನ್‌ಕ್ರಿಮೆಂಟ್ ಬಂದ ತಿಂಗಳು ಇದನ್ನೊಂದ್ಸಲ ಯೋಚನೆ ಮಾಡಿ ನೋಡಿ.

ಇನ್ನೊಂದು ನಂಗೆ ಹೇಳಲೇಬೇಕು. ಬೈಬಲ್‌ನ ಬಡ ವಿಧವೆಯ ಎರಡು ಕಾಸಿನ ಕಥೆ ತುಂಬಾ ಜನರಿಗೆ ಗೊತ್ತು, ಇದ್ದಿದ್ದೆಲ್ಲ ದೇವಾಲಯದ ಪೆಟ್ಟಿಗೆಗೆ ಹಾಕಿದವಳು. ಒಂದು ಕೂಟದಲ್ಲಿ ನಾನೇ ಕೂತು ಕೇಳಿದೀನಿ, ಪ್ರಸಂಗಿ ಈ ಕಥೆ ಹೇಳಿ, ನೀವೂ ಇರೋದೆಲ್ಲ ಹಾಕಿ, ಹತ್ತರಷ್ಟು ವಾಪಸ್ ಬರುತ್ತೆ ಅಂದ್ರು, ನನ್ನ ಪಕ್ಕ ಕೂತಿದ್ದ ಮನೆಕೆಲಸದ ಹೆಂಗಸು ಬ್ಲೌಸಿನೊಳಗಿಂದ ಮಡಚಿದ ನೋಟು ತೆಗೆದ್ರು. ಬಸ್ಸಿನ ದುಡ್ಡು ಅದು. ನಂಗೆ ಇವತ್ತೂ ಸಿಟ್ಟು ಬರುತ್ತೆ. ಬೈಬಲ್‌ನಲ್ಲಿ ಮಾರ್ಕನ ಸುವಾರ್ತೆಯ 12ನೇ ಅಧ್ಯಾಯ ತೆಗೆದು ನೋಡಿ, ವಿಧವೆಯ ಕಥೆಗೆ ಸ್ವಲ್ಪವೇ ಮುಂಚೆ ಯೇಸು ಹೇಳಿರೋದು ಏನು? ವಿಧವೆಯರ ಮನೆಗಳನ್ನ ನುಂಗೋ ಶಾಸ್ತ್ರಿಗಳ ಬಗ್ಗೆ ಎಚ್ಚರ ಅಂತ. ಎರಡನ್ನೂ ಒಟ್ಟಿಗೇ ಓದಬೇಕು.

ಮತ್ತೆ ಕೂಡಿಸೋರು ಲೆಕ್ಕ ಕೊಡಬೇಕು. ಯೆರೂಸಲೇಮಿನ ಬಡವರಿಗೆ ಅಂತ ಪೌಲ ಹಣ ಕೂಡಿಸಿದಾಗ ಒಬ್ಬನೇ ಹೊತ್ಕೊಂಡು ಹೋಗಲಿಲ್ಲ, ಸಭೆಗಳು ಆರಿಸಿದ ಜನರನ್ನ ಜೊತೆ ಸೇರಿಸ್ಕೊಂಡ, ಯಾರೂ ನಮ್ಮ ಮೇಲೆ ತಪ್ಪು ಹೊರಿಸಬಾರದು ಅಂತ ಬರೆದೂ ಇಟ್ಟಿದಾನೆ, ಕೊರಿಂಥದವರಿಗೆ ಬರೆದ ಎರಡನೇ ಪತ್ರದ 8ನೇ ಅಧ್ಯಾಯದಲ್ಲಿ. ಮನೆವಾರ್ತೆಯವನು ಅಂದ್ರೆ ಕೊಡೋನು ಮಾತ್ರ ಅಲ್ಲ, ತಗೊಳ್ಳೋನೂ.

[ಮತ್ತೆ ಅಡುಗೆಮನೆ. ಡಬ್ಬಿ.]

ಶೂಟಿಂಗ್‌ಗೆ ಅಂತ ಮೇಲಿನ ಮನೆಯಿಂದ ಈ ಡಬ್ಬಿ ಕೇಳಿ ತಂದಿದೀನಿ, ಭಾನುವಾರದೊಳಗೆ ವಾಪಸ್ ಕೊಡಬೇಕು. ಮುಕ್ಕಾಲು ತುಂಬಿದೆ. ಕೊಡುವಾಗ ಅವಳು ಒಂದೇ ಕಂಡೀಷನ್ ಹಾಕಿದ್ಲು, ಎರಡು ದಿನ ಡಬ್ಬಿ ನಿಮ್ಮ ಹತ್ರ ಇದ್ರೆ ಆ ಎರಡು ದಿನದ ಹಿಡಿ ನೀವೇ ಹಾಕಬೇಕು ಅಂತ. ಹಾಕಿದೀನಿ.

ನಿಮ್ಮ ಊರಲ್ಲೂ ಹೀಗೆ ಅಡುಗೆಗೆ ಮುಂಚೆ ಅಕ್ಕಿನೋ ಜೋಳನೋ ರಾಗಿನೋ ತೆಗೆದಿಡೋ ಪದ್ಧತಿ ಇದ್ರೆ, ಯಾವ ಧರ್ಮದ್ದೇ ಆಗ್ಲಿ, ಅದಕ್ಕೆ ಏನಂತ ಹೆಸರು, ಯಾರು ಬಂದು ಕೂಡಿಸ್ತಿದ್ರು, ಕೆಳಗೆ ಬರೀರಿ. ಅಜ್ಜಿ ತಾತ ಇದ್ರೆ ಅವರನ್ನ ಕೇಳಿ ಬರೀರಿ. ಸಿಗೋಣ.