ರಕ್ತದಲ್ಲಿ ಕಾಣದ ಕಾವಲು

ಕೇಳುಗರಿಗೆ ನಮಸ್ಕಾರ. ಕೊರೊನಾ ಬಂದಮೇಲೆ ಆಂಟಿಬಾಡಿ ಅನ್ನುವ ಮಾತು ಎಲ್ಲರ ಬಾಯಲ್ಲೂ ಓಡಾಡಿತು. ರಕ್ತ ಕೊಟ್ಟು ಅದನ್ನು ಅಳೆಸಿಕೊಂಡವರೂ ಇದ್ದಾರೆ. ರೋಗಾಣುಗಳ ವಿರುದ್ಧ ಹೋರಾಡುವ ಒಂದು ಬಗೆಯ ಬಿಳಿ ರಕ್ತಕಣಗಳಾದ ಟಿ ಕೋಶಗಳ ಸುದ್ದಿ ಮಾತ್ರ ಅಷ್ಟಾಗಿ ಬರಲಿಲ್ಲ. ಇವತ್ತು ಅವುಗಳ ಬಗ್ಗೆ, ಅವುಗಳ ಕೆಲಸವನ್ನು ನಮಗೆ ತೋರಿಸಿಕೊಟ್ಟ ಇಲಿ, ಕೋತಿಗಳ ಬಗ್ಗೆ ಮಾತಾಡೋಣ.

ಆಂಟಿಬಾಡಿ ಅಂದರೆ ರೋಗಾಣುವಿಗೆ ಅಂಟಿಕೊಳ್ಳುವ ಪ್ರೋಟೀನ್; ಅದು ವೈರಸ್ಸನ್ನು ಹೊರಗಡೆಯೇ ಹಿಡಿಯುತ್ತದೆ. ವೈರಸ್ ಜೀವಕೋಶದೊಳಗೆ ನುಗ್ಗಿಬಿಟ್ಟರೆ ಅದರ ಕೈಗೆ ಸಿಗುವುದಿಲ್ಲ. ಆದರೆ ಸೋಂಕು ತಗುಲಿದ ಕೋಶ ವೈರಸ್ಸಿನ ಪ್ರೋಟೀನ್ ಚೂರುಗಳನ್ನು ತನ್ನ ಮೈಮೇಲೆ ಎತ್ತಿ ತೋರಿಸುತ್ತದೆ. ಸಿಡಿ8 ಎಂಬ ಟಿ ಕೋಶ ಆ ಚೂರನ್ನು ಗುರುತಿಸಿ, ಸೋಂಕಿನ ಕೋಶವನ್ನೇ ಕೊಲ್ಲುತ್ತದೆ. ಟಿ ಕೋಶ ಹೀಗೆ ಗುರುತು ಹಿಡಿಯುವ ಬಗೆ ಗೊತ್ತಾಗಿದ್ದೂ ಇಲಿಗಳಿಂದಲೇ. ಅದಕ್ಕಾಗಿ ಪೀಟರ್ ಡೊಹರ್ಟಿ ಮತ್ತು ರಾಲ್ಫ್ ಜಿಂಕರ್‌ನಾಗೆಲ್ ಅವರಿಗೆ 1996ರಲ್ಲಿ ನೊಬೆಲ್ ಬಂತು.

ಕೊರೊನಾದಲ್ಲಿ ಮೊದಲಿಗೇ ಒಂದು ತೊಡಕು ಎದುರಾಯಿತು. 2020ರ ಆರಂಭದ ವೈರಸ್ ಮಾಮೂಲಿ ಇಲಿಗೆ ತಗುಲುತ್ತಲೇ ಇರಲಿಲ್ಲ. ವೈರಸ್ ಹಿಡಿದುಕೊಳ್ಳುವ ಎಸಿಇ2 ಪ್ರೋಟೀನ್ ಇಲಿಯಲ್ಲಿ ಸ್ವಲ್ಪ ಬೇರೆ. ಪುಣ್ಯಕ್ಕೆ, ಮನುಷ್ಯರ ಎಸಿಇ2 ಜೀನ್ ಸೇರಿಸಿದ ಇಲಿ ತಳಿಯೊಂದು ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಲ್ಲಿ ಮೊದಲೇ ಸಿದ್ಧವಾಗಿತ್ತು. ಕೊರೊನಾದ ನೆಂಟ ವೈರಸ್ಸಿನಿಂದ ಬರುವ ಹಳೆಯ ಸಾರ್ಸ್ ರೋಗಕ್ಕೆಂದು ಮಾಡಿದ ಆ ತಳಿಯ ವಿವರ 2007ರಲ್ಲೇ ಪ್ರಕಟವಾಗಿತ್ತು. ಅದರಲ್ಲೂ ಒಂದು ಕೊರತೆ ಇದೆ: ವೈರಸ್ ಮೆದುಳಿಗೂ ಹಬ್ಬುತ್ತದೆ. ಇಲಿಯಂಥದ್ದೇ ಪುಟ್ಟ ಪ್ರಾಣಿಯಾದ ಹ್ಯಾಮ್‌ಸ್ಟರ್‌ಗೆ ಸೋಂಕು ತಾನಾಗಿಯೇ ತಗುಲುತ್ತದೆ, ಆದರೆ ಅದರ ಟಿ ಕೋಶಗಳನ್ನು ಗುರುತಿಸುವ ಸಾಮಗ್ರಿ ಕಡಿಮೆ.

ಇಷ್ಟೆಲ್ಲ ಕಷ್ಟಪಟ್ಟು ಪ್ರಾಣಿಗಳಲ್ಲೇ ಯಾಕೆ ನೋಡಬೇಕು? ನಮ್ಮಿಂದ ಸುಲಭವಾಗಿ ಸಿಗುವುದು ರಕ್ತ. ವೈರಸ್ ಇರುವುದು ಶ್ವಾಸಕೋಶದಲ್ಲಿ. ಪ್ರಾಣಿಗಳಲ್ಲಾದರೆ ಶ್ವಾಸಕೋಶವನ್ನೇ ನೋಡಬಹುದು. ಇಲ್ಲೊಂದು ಜಾಣತನದ ವಿಧಾನವಿದೆ. ಇಲಿಯನ್ನು ನೋವಾಗದಂತೆ ಸಾಯಿಸುವ ಕೆಲವೇ ನಿಮಿಷ ಮುಂಚೆ, ಟಿ ಕೋಶಗಳಿಗೆ ಅಂಟಿಕೊಳ್ಳುವ, ಹೊಳೆಯುವ ಬಣ್ಣ ಸೇರಿಸಿದ ಆಂಟಿಬಾಡಿಯನ್ನು ಅದರ ರಕ್ತನಾಳಕ್ಕೆ ಕೊಡುತ್ತಾರೆ. ರಕ್ತದಲ್ಲಿ ಹರಿಯುತ್ತಿರುವ ಟಿ ಕೋಶಗಳಿಗೆ ಬಣ್ಣ ಹತ್ತುತ್ತದೆ. ಶ್ವಾಸಕೋಶದ ಒಳಗೆ ತಳವೂರಿದವಕ್ಕೆ ಅಷ್ಟು ಬೇಗ ಹತ್ತುವುದಿಲ್ಲ. ಆಮೇಲೆ ಶ್ವಾಸಕೋಶವನ್ನು ಬಿಡಿ ಕೋಶಗಳಾಗಿ ಮಾಡಿ, ಲೇಸರ್ ಬೆಳಕಿನ ಮುಂದೆ ಒಂದೊಂದಾಗಿ ಹಾಯಿಸುತ್ತಾರೆ. ಬಣ್ಣ ಇಲ್ಲದವು ರಕ್ತದಲ್ಲಲ್ಲ, ಶ್ವಾಸಕೋಶದ ಒಳಗೇ ಇದ್ದವು.

ಇನ್ನೊಂದು ಕಾರಣ ನನಗೆ ಇದಕ್ಕಿಂತ ದೊಡ್ಡದು. ಯಾವುದೋ ಕೋಶ ಅಲ್ಲಿದೆ ಅಂದಮಾತ್ರಕ್ಕೆ ಅದೇ ಕಾಪಾಡಿತು ಅನ್ನೋಕಾಗಲ್ಲ, ಅಲ್ವಾ? ಅದನ್ನು ತೆಗೆದು ನೋಡಬೇಕು. ಒಮ್ಮೆ ಸೋಂಕಾಗಿ ಗುಣವಾದ ರೀಸಸ್ ಕೋತಿಗಳಲ್ಲಿ ಹಾಗೇ ಮಾಡಿದರು. ಸಿಡಿ8 ಕೋಶಗಳನ್ನು ತೆಗೆದು, ಮತ್ತೆ ವೈರಸ್ ಕೊಟ್ಟರು. ಆಂಟಿಬಾಡಿ ಇಳಿದಿದ್ದ ಆ ಕೋತಿಗಳ ರಕ್ಷಣೆ ಸ್ವಲ್ಪ ಮಟ್ಟಿಗೆ ಕುಸಿಯಿತು. ಆಂಟಿಬಾಡಿ ಸಾಕಷ್ಟಿದ್ದರೆ ಅದೊಂದೇ ತಡೆಯಬಲ್ಲದು ಅಂತಲೂ ಅದೇ ಅಧ್ಯಯನದಲ್ಲಿ ಕಂಡಿತು. ಅಂದರೆ ಟಿ ಕೋಶದ ಬೆಲೆ ತಿಳಿಯುವುದು ಆಂಟಿಬಾಡಿ ಕರಗಿದ ಮೇಲೆ.

ಸಾರ್ಸ್ ವೈರಸ್ಸಿನ ಮೇಲೆ 2016ರಲ್ಲಿ ಬಂದ ಇಲಿ ಅಧ್ಯಯನವಂತೂ ನನಗೆ ತುಂಬ ಮುಖ್ಯ ಅನಿಸುತ್ತದೆ. ವೈರಸ್ಸಿನ ಒಂದು ಪ್ರೋಟೀನ್ ಚೂರನ್ನು ಮೂಗಿನ ಮೂಲಕ ಲಸಿಕೆಯಾಗಿ ಕೊಟ್ಟಾಗ, ಶ್ವಾಸನಾಳಗಳಲ್ಲಿ ಸಿಡಿ4 ಎಂಬ ಇನ್ನೊಂದು ಬಗೆಯ ಟಿ ಕೋಶಗಳು, ಒಮ್ಮೆ ಕಂಡ ರೋಗಾಣುವನ್ನು ಮರೆಯದ ‘ನೆನಪಿನ’ ಕೋಶಗಳಾಗಿ ನೆಲೆಯಾದವು. ಇಲಿಗಳು ಉಳಿದುಕೊಂಡವು. ಅದೇ ಲಸಿಕೆಯನ್ನು ಚರ್ಮದಡಿ ಚುಚ್ಚಿದಾಗ ಅಂಥ ರಕ್ಷಣೆ ಸಿಗಲಿಲ್ಲ. ಲಸಿಕೆ ಎಲ್ಲಿಂದ ಕೊಟ್ಟರು ಅನ್ನುವುದೇ ಇಷ್ಟು ವ್ಯತ್ಯಾಸ ಮಾಡಿತು!

ಆದರೂ ಇಲಿ ಮನುಷ್ಯನಲ್ಲ. ಪ್ರಯೋಗಾಲಯದ ಇಲಿಗಳು ರೋಗಾಣು ಸೋಕದ ಪಂಜರದಲ್ಲಿ ಬೆಳೆಯುತ್ತವೆ. ಹಾಗಾಗಿ ಅವುಗಳ ರೋಗನಿರೋಧಕ ವ್ಯವಸ್ಥೆ ದೊಡ್ಡವರದ್ದಕ್ಕಿಂತ ನವಜಾತ ಶಿಶುವಿನದ್ದನ್ನೇ ಜಾಸ್ತಿ ಹೋಲುತ್ತದೆ ಅಂತಲೂ 2016ರಲ್ಲೇ ತೋರಿಸಲಾಯಿತು. ಅಂಗಡಿಯಲ್ಲಿ ಮಾರುವ ಸಾಕು ಇಲಿಗಳ ಜೊತೆ ಇಟ್ಟಾಗ, ಬದುಕುಳಿದವುಗಳಲ್ಲಿ ನೆನಪಿನ ಟಿ ಕೋಶಗಳು ಚೆನ್ನಾಗಿ ಹೆಚ್ಚಿದವು. ಲಸಿಕೆಗಳನ್ನು ಇಂಥ ಇಲಿಗಳಲ್ಲೂ ಪರೀಕ್ಷಿಸಬೇಕು ಅನ್ನುವುದು ನನ್ನ ಅಭಿಪ್ರಾಯ. ಶ್ವಾಸಕೋಶದಲ್ಲಿ ನೆಲೆಸಿದ ಟಿ ಕೋಶಗಳು, ಫ್ಲೂ ಸೋಂಕಾದ ಇಲಿಗಳಲ್ಲಿ, ಕೆಲವೇ ತಿಂಗಳಲ್ಲಿ ಕಡಿಮೆಯಾಗುತ್ತವೆ. ಅವನ್ನು ಅಲ್ಲೇ ಹೆಚ್ಚು ಕಾಲ ಉಳಿಸುವ ಲಸಿಕೆಗಾಗಿ ಹುಡುಕಾಟ ನಡೆದಿದೆ.