ಹುಡುಗನ ಎದೆಯ ಗಂಟು

ಕೇಳುಗರೇ, ನಮಸ್ಕಾರ.

ಸುಡುವ ಬೇಸಿಗೆಯಲ್ಲೂ ಎರಡೆರಡು ಬನಿಯನ್ ತೊಟ್ಟು, ಶಾಲೆಯ ಚೀಲವನ್ನು ಎದೆಗೆ ಅವುಚಿಕೊಂಡು ನಡೆಯುವ ಹುಡುಗನನ್ನು ನೀವು ನೋಡಿರಬಹುದು. ಈಜಲು ಕರೆದರೆ ಬರುವುದಿಲ್ಲ, ಕಬಡ್ಡಿ ಬಿಟ್ಟಿರುತ್ತಾನೆ. ಅಂಗಿ ತಾಗಿದರೂ ಮೊಲೆತೊಟ್ಟಿನ ಹಿಂದೆ ನೋವು. ಯಾರಿಗೂ ಹೇಳಲಾರ. ಇಂದಿನ ಮಾತು ಅವನಿಗಾಗಿ, ಅವನ ಹೆತ್ತವರಿಗಾಗಿ.

ಗಂಡಿನ ಮೈಯಲ್ಲೂ ಈಸ್ಟ್ರೋಜೆನ್ ಎಂಬ ಹೆಣ್ಣು ಹಾರ್ಮೋನು ಇರುತ್ತದೆ. ಟೆಸ್ಟೋಸ್ಟೆರಾನ್ ಎಂಬ ಗಂಡು ಹಾರ್ಮೋನಿನ ಜೊತೆಗಿನ ಅದರ ಹದ ತಪ್ಪಿದಾಗ ಸ್ತನದ ಗ್ರಂಥಿ ಬೆಳೆಯುತ್ತದೆ. ಹದಿವಯಸ್ಸಿನಲ್ಲಿ, ಅದರಲ್ಲೂ 13, 14ರ ಸುಮಾರಿಗೆ, ಬಹಳಷ್ಟು ಹುಡುಗರಿಗೆ ಹೀಗಾಗುತ್ತದೆ. ಇದು ರೋಗವಲ್ಲ. ಹೆಚ್ಚಿನವರಲ್ಲಿ 6 ತಿಂಗಳಿಂದ 2 ವರ್ಷದೊಳಗೆ ತಾನಾಗಿಯೇ ಇಳಿಯುತ್ತದೆ. ತಾಯಿಯ ಹಾರ್ಮೋನಿನಿಂದ ಹಸುಗೂಸಿನ ಎದೆಯೂ ಉಬ್ಬುವುದುಂಟು, ಹನಿ ಹಾಲೂ ಒಸರುವುದುಂಟು. ಬಾಣಂತಿ ಮನೆಯ ಹಿರಿಯರಲ್ಲಿ ಕೈಮುಗಿದು ಕೇಳುತ್ತೇನೆ: ಅದನ್ನು ಹಿಂಡಬೇಡಿ. ಹಿಂಡಿದರೆ ಸೋಂಕು ತಗಲಿ ಕೀವಾಗಬಹುದು.

ಹಾಗಾದರೆ ಕೆಲವರಲ್ಲಿ ಅದು ಉಳಿದುಬಿಡುವುದೇಕೆ? ಮೊದಲ ತಿಂಗಳುಗಳಲ್ಲಿ ಗ್ರಂಥಿ ಮೃದುವಾಗಿ ಬೆಳೆಯುತ್ತಿರುತ್ತದೆ. ಆಗ ನೋವೂ ಹೆಚ್ಚು, ಔಷಧಿಗೆ ಮಣಿಯುವ ಸಾಧ್ಯತೆಯೂ ಹೆಚ್ಚು. ವರ್ಷ ದಾಟಿದರೆ ಆ ಜಾಗದಲ್ಲಿ ನಾರಿನಂಥ ಅಂಗಾಂಶ ತುಂಬಿಕೊಳ್ಳುತ್ತದೆ. ನೋವು ಹೋಗುತ್ತದೆ, ಉಬ್ಬು ಹೋಗುವುದಿಲ್ಲ. ಆಮೇಲೆ ಮಾತ್ರೆ ನುಂಗಿ ಹೆಚ್ಚು ಫಲವಿಲ್ಲ; ಬೇಕೆನ್ನುವವರಿಗೆ ಶಸ್ತ್ರಚಿಕಿತ್ಸೆಯೇ ದಾರಿ. ದಂಡ ಹೊಡೆದರೆ ಕೊಬ್ಬು ಕರಗೀತು, ಗ್ರಂಥಿ ಕರಗದು. ಹುಡುಗನನ್ನು ‘ಸೋಮಾರಿ’ ಎಂದು ಬೈಯುವ ತಂದೆಯಂದಿರು ಇದನ್ನು ದಯವಿಟ್ಟು ನೆನಪಿಡಬೇಕು.

ಹದ ತಪ್ಪಿಸಿದ ಕಾರಣ ಹಾಗೆಯೇ ಮುಂದುವರಿದಾಗಲೂ ಉಬ್ಬು ಉಳಿಯುತ್ತದೆ. ಬೊಜ್ಜಿನಲ್ಲಿರುವ ಅರೋಮಟೇಸ್ ಎಂಬ ಕಿಣ್ವ ಗಂಡು ಹಾರ್ಮೋನನ್ನೇ ಈಸ್ಟ್ರೋಜೆನ್ ಆಗಿ ಮಾರ್ಪಡಿಸುತ್ತದೆ. ಕುಡಿತದಿಂದ ಯಕೃತ್ತು ಕೆಟ್ಟವರಲ್ಲಿ, ಹೃದಯದ ತೊಂದರೆಗೆ ಸ್ಪೈರೊನೊಲ್ಯಾಕ್ಟೋನ್ ನುಂಗುವವರಲ್ಲಿ, ಮೈಕಟ್ಟಿನ ಆಸೆಗೆ ಸ್ಟೀರಾಯ್ಡ್ ಚುಚ್ಚಿಸಿಕೊಳ್ಳುವ ಯುವಕರಲ್ಲಿ ಇದನ್ನು ಕಾಣುತ್ತೇವೆ. ವೈದ್ಯರು ಬರೆದುಕೊಟ್ಟ ಮಾತ್ರೆಯನ್ನು ಮಾತ್ರ ನೀವಾಗಿಯೇ ನಿಲ್ಲಿಸಬೇಡಿ, ಅವರಿಗೆ ಹೇಳಿ. ಬದಲಿ ಔಷಧಿ ಇರುತ್ತದೆ.

ಗಂಟು ಕಲ್ಲಿನಂತೆ ಗಟ್ಟಿಯಾಗಿದ್ದರೆ, ತೊಟ್ಟಿನ ನೇರಕ್ಕಲ್ಲದೆ ಪಕ್ಕಕ್ಕೆ ಸರಿದಿದ್ದರೆ, ತೊಟ್ಟು ಒಳಕ್ಕೆ ಎಳೆದುಕೊಂಡರೆ, ರಕ್ತ ಜಿನುಗಿದರೆ ಕಾಯುತ್ತ ಕೂರಬೇಡಿ. ಸ್ತನದ ಕ್ಯಾನ್ಸರ್ ಅಪರೂಪಕ್ಕಾದರೂ ಗಂಡಸರಿಗೂ ಬರುತ್ತದೆ. ವೈದ್ಯರು ವೃಷಣಗಳನ್ನೂ ಮುಟ್ಟಿ ನೋಡುತ್ತಾರೆ, ಏಕೆಂದರೆ ಅಲ್ಲಿನ ಗಡ್ಡೆಯ ಸುಳಿವು ಕೆಲವೊಮ್ಮೆ ಮೊದಲು ಸಿಗುವುದು ಎದೆಯಲ್ಲಿ. ಹುಡುಗ ಇದಕ್ಕೆ ನಾಚಿಕೊಳ್ಳುತ್ತಾನೆ. ಹೀಗೆಲ್ಲ ಪರೀಕ್ಷಿಸುತ್ತಾರೆಂದು ಹೊರಡುವ ಮೊದಲೇ ಅಪ್ಪನೋ ಅಣ್ಣನೋ ಅವನಿಗೆ ಮೆಲ್ಲನೆ ತಿಳಿಸಿ, ಜೊತೆಗೆ ಹೋಗಲಿ.

ನಮಸ್ಕಾರ.